ಗಂಟಲು ಕಟ್ಟಿದ ಸಿಸ್ಟರ್

ಭಾಷಣ ಮಾಡಬೇಕಾದ ದಿನವೇ ನರ್ಸ್ ನಿಶ್ಮಿತಾಳ ಗಂಟಲು ಕಟ್ಟಿತು. ಬೆಳಿಗ್ಗೆ ಎದ್ದು ಕೆಮ್ಮಿದರೆ ತುಕ್ಕು ಹಿಡಿದ ಗೇಟು ತೆಗೆದಂಥ ಸದ್ದು ಬಂತೇ ಹೊರತು ಮಾತು ಬರಲಿಲ್ಲ.

ಸಿದ್ದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಅಂದು ಅವಳು ಕೂಲಿಯವರಿಗೆ ಆ್ಯಂಟಿಬಯಾಟಿಕ್ ಬಗ್ಗೆ ತಿಳಿಹೇಳಬೇಕಿತ್ತು. ಕಳೆದ ತಿಂಗಳು ಅಲ್ಲಿನ ಕೂಲಿಯಾಳು ಜವರಿ, ಕಾಲಿನ ಗಾಯಕ್ಕೆ ಕೊಟ್ಟ ಮಾತ್ರೆಯನ್ನು ಎರಡೇ ದಿನಕ್ಕೆ ನಿಲ್ಲಿಸಿ, ಉಳಿದದ್ದರಲ್ಲಿ ಅರ್ಧವನ್ನು ಪಕ್ಕದ ಮನೆಯವರ ನೆಗಡಿಗೆ ದಾನ ಮಾಡಿ, ಕೊನೆಗೆ ತಾನು ಹನ್ನೆರಡು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಆ ಕಾಲನ್ನು ಕಂಡಂದಿನಿಂದ ನಿಶ್ಮಿತಾಳಿಗೆ ಸಮಾಧಾನವಿರಲಿಲ್ಲ.

ಬಸ್ಸಿನಲ್ಲಿ ಅವಳ ಕೈಸನ್ನೆ ಕಂಡ ಕಂಡಕ್ಟರ್ ಬೊಳ್ಳಪ್ಪ ಮರುಗಿದ. "ಎಂತ ಸಿಸ್ಟರೇ, ಗಂಟಲು ಹೋಯ್ತಾ? ತಡೀರಿ." ಚೀಲಕ್ಕೆ ಕೈಹಾಕಿ ಚಿಲ್ಲರೆಯ ಜೊತೆಗೆ ಎರಡು ಕ್ಯಾಪ್ಸೂಲ್ ತೆಗೆದ. "ನಮ್ಮ ಅತ್ತೇದು. ಒಂದು ನುಂಗಿ, ಸಾಕು."

ನಿಶ್ಮಿತಾ ಪುಸ್ತಕದಲ್ಲಿ ಬರೆದು ತೋರಿಸಿದಳು: 'ಇದು ವೈರಸ್ಸಿನಿಂದ ಬಂದ ಶೀತ. ಇದಕ್ಕೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ.'

ಬೊಳ್ಳಪ್ಪ ಓದಿ ತಲೆದೂಗಿದ. "ಅತ್ತೆಗೂ ಕೆಲಸ ಮಾಡ್ಲಿಲ್ಲ. ಅದಕ್ಕೇ ಉಳಿದದ್ದು!"

ಎಸ್ಟೇಟಿನಲ್ಲಿ ಐವತ್ತು ಜನ ಕಾಯುತ್ತಿದ್ದರು. ಆಳುಗಳ ಲೆಕ್ಕ ಬರೆಯುವ ರೈಟರ್ ತಿಮ್ಮಯ್ಯ ತಾನಾಗಿಯೇ ಮುಂದೆ ಬಂದ. "ನೀವು ಬರ್ದು ಕೊಡಿ, ನಾನು ಓದ್ತೇನೆ. ಮೂವತ್ತು ವರ್ಷ ಹಾಜರಿ ಕೂಗಿದ ಗಂಟಲು ಇದು."

ಅವಳು ಬರೆದಳು: 'ಶೀತಕ್ಕೆ ಆ್ಯಂಟಿಬಯಾಟಿಕ್ ಬೇಡ. ಬಿಸಿನೀರು ಕುಡಿಯಿರಿ, ವಿಶ್ರಾಂತಿ ತೆಗೆದುಕೊಳ್ಳಿ.'

ತಿಮ್ಮಯ್ಯ 'ವಿಶ್ರಾಂತಿ'ಯ ಹತ್ತಿರ ಗಕ್ಕನೆ ನಿಂತ. ಆಮೇಲೆ ಕೂಗಿದ: "ಬಿಸಿನೀರು ಕುಡೀರಿ, ಕಾಫಿ ಪಿಕ್ಕಿಂಗಿಗೆ ಬನ್ನಿ!"

ನಿಶ್ಮಿತಾ ಅವನ ತೋಳು ಎಳೆದಳು. ಅವನು ಅದನ್ನು ಶಹಬ್ಬಾಸ್‌ಗಿರಿ ಎಂದುಕೊಂಡ.

ಮುಂದಿನ ಸಾಲಿನಲ್ಲಿದ್ದ ಮುದುಕಿ ದೊಡ್ಡಿ ಕೇಳಿದಳು, "ಅಲ್ಲ, ಸಿಸ್ಟರಿಗೆ ಎಂತ ಆಗಿದೆ?"

"ಶೀತ," ಎಂದ ತಿಮ್ಮಯ್ಯ.

"ಮಾತ್ರೆ ತಗೊಂಡಿದ್ದಾರಾ?"

ಇಲ್ಲವೆಂದು ನಿಶ್ಮಿತಾ ಹೆಮ್ಮೆಯಿಂದ ತಲೆಯಾಡಿಸಿದಳು. ಸಭೆಯಲ್ಲಿ ಪಿಸುಪಿಸು ಎದ್ದಿತು. ಮಾತು ನಾಟುತ್ತಿದೆ ಎಂದುಕೊಂಡು ಅವಳು ಕೊನೆಯ ಚೀಟಿ ಬರೆದಳು. ತಿಮ್ಮಯ್ಯ ಓದಿದ: "ಮನೇಲಿ ಉಳಿದ ಮಾತ್ರೆ ಇದ್ರೆ ತಂದು ಸಿಸ್ಟರಿಗೆ ಕೊಡಿ!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುಕ್ಷಣವೇ ಎಲ್ಲರೂ ತಮ್ಮ ಸಾಲು ಬಿಡಾರಗಳ, ಲೈನ್ ಮನೆಗಳ ಕಡೆಗೆ ಓಡಿದರು.

ಅಕ್ಕಿ ಡಬ್ಬದಿಂದ, ದೇವರ ಪಟದ ಹಿಂದಿನಿಂದ, ಸೆರಗಿನ ಗಂಟಿನಿಂದ ಮಾತ್ರೆಗಳು ಹೊರಬಂದವು. ಯಾರೋ ತಂದಿಟ್ಟ ಸ್ಟೀಲ್ ಬೇಸಿನ್ ತುಂಬಿತು. ಜವರಿ ಕೂಡ ಕುಂಟುತ್ತಾ ಬಂದು ಅರ್ಧ ಸ್ಟ್ರಿಪ್ ಹಾಕಿದಳು. ನಿಶ್ಮಿತಾಳ ಕಣ್ಣು ಒದ್ದೆಯಾಯಿತು. ಆರು ವರ್ಷದ ಕೆಲಸದಲ್ಲಿ ಅವಳ ಮಾತನ್ನು ಯಾರೂ ಇಷ್ಟು ಬೇಗ ಕೇಳಿರಲಿಲ್ಲ.

ಕೊನೆಗೆ ದೊಡ್ಡಿ ಒಂದು ಲೋಟ ಬಿಸಿನೀರು ಹಿಡಿದು ಬಂದಳು.

"ನಾಚಿಕೆ ಎಂತಕ್ಕೆ ಸಿಸ್ಟರೇ? ನಿಮಗೆ ಒಂದು ಮಾತ್ರೆ ಬೇಕು ಅಂತ ನೇರ ಕೇಳಿದ್ರೆ ಆಗ್ತಿತ್ತಲ್ಲ, ಅದಕ್ಕೆ ಇಷ್ಟು ಜನರನ್ನ ಕೂಡಿಸ್ಬೇಕಿತ್ತಾ?" ಅವಳು ಬೇಸಿನ್ನಿನಿಂದ ಎಲ್ಲಕ್ಕಿಂತ ದೊಡ್ಡ ಮಾತ್ರೆಯನ್ನು ಆರಿಸಿ ಹಿಡಿದಳು. ಐವತ್ತು ಜನ ಕನಿಕರದಿಂದ ಸುತ್ತ ನೆರೆದರು.

ಬೇಡ ಎನ್ನಲು ನಿಶ್ಮಿತಾ ಬಾಯಿ ತೆರೆದಳು. ಸ್ವರ ಹೊರಡಲಿಲ್ಲ.

"ಹಾಂ, ಹಾಗೆ," ಎಂದಳು ದೊಡ್ಡಿ. "ಇನ್ನೂ ಸ್ವಲ್ಪ ದೊಡ್ಡದಾಗಿ ತೆಗೀರಿ."