ಸೇವ್ ಮಾವನ ಇಪ್ಪತ್ತಾರು ಫೈಲು

ನಮ್ಮ ಸೋದರಮಾವನಿಗೆ ದೇವರ ಮೇಲೆ ನಂಬಿಕೆಯಿತ್ತು, ಹೆಂಡತಿಯ ಮೇಲೆ ಇನ್ನೂ ಹೆಚ್ಚು, ಕರೆಂಟಿನ ಮೇಲೆ ಮಾತ್ರ ಎಳ್ಳಷ್ಟೂ ಇರಲಿಲ್ಲ! ಕೊಟ್ಟೂರಿನಲ್ಲಿ ಒಂದೇ ಒಂದು ಕಂಪ್ಯೂಟರ್ ಇಟ್ಟುಕೊಂಡು ಫಾಕ್ಸ್‌ಪ್ರೊ ಎಂಬ ಪ್ರೋಗ್ರಾಮಿಂಗ್ ಕಲಿಸುತ್ತಿದ್ದ ಈ ಮಹಾಶಯರಿಂದ ಮೂರು ತಿಂಗಳಲ್ಲಿ ನಾನು ಕಲಿತದ್ದು ಒಂದೇ ಪಾಠ. ವೇರಿಯಬಲ್ ಎಂಬ ತಾತ್ಕಾಲಿಕ ಡಬ್ಬಿಗಳಿಗೆ ತುಂಬಿದ್ದೆಲ್ಲ ಕರೆಂಟ್ ಹೋದರೆ ಹೋದಂತೆಯೇ; ಅದಕ್ಕೇ ‘ಸೇವ್ ಟು’ ಎಂದು ಹೊಡೆದು ಫೈಲಿಗೆ ಹಾಕಬೇಕು. ಆಮೇಲೆ ‘ರಿಸ್ಟೋರ್ ಫ್ರಮ್’ ಎಂದರೆ ವಾಪಸು ಬರುತ್ತವೆ.

ಎರಡು ಸಾಲು ಹೊಡೆಯುವಷ್ಟರಲ್ಲಿ ಬೆನ್ನ ಹಿಂದೆ ಮಾವನ ಕೂಗು: “ಲೈಟ್ ಹೋಗೂದ್ರಾಗ ಸೇವ್ ಮಾಡವ್ವಾ!” ಕಾನಹೊಸಹಳ್ಳಿಯ ಮದುವೆಯೊಂದರಲ್ಲಿ ಊಟದ ನಡುವೆ ಮೈಕು ಸತ್ತಿತು. ಎಲ್ಲರೂ ಹೋಳಿಗೆಗೆ ತುಪ್ಪ ಕೇಳುತ್ತಿದ್ದರೆ ಇವರು ಎಲೆ ಬಿಟ್ಟೆದ್ದರು. “ಕೊಟ್ಟೂರಾಗೂ ಲೈಟ್ ಹೋಗಿರತೈತಿ!” ಎನ್ನುತ್ತಾ ಎಂಜಲುಗೈಯಲ್ಲೇ ಬಸ್ಸಿಗೆ ಓಡಿದವರನ್ನು ಯಾರು ತಡೆಯಬೇಕು ಹೇಳಿ?

ಅತ್ತೆ ಬಟ್ಟೆ ಹೊಲಿಯುತ್ತಿದ್ದರು. ಅರ್ಧ ಊರಿನ ಹೆಂಗಸರ ಜಂಪರಿನ ಅಳತೆ ಅವರ ತಲೆಯಲ್ಲಿತ್ತು. ಒಂದು ಚೀಟಿಯನ್ನೂ ಬರೆದವರಲ್ಲ. ಅಂಥ ಅತ್ತೆಗೆ ಮರೆವಿನ ರೋಗ ಬಂತು. ಮೊದಲು ಕತ್ತರಿ ಎಲ್ಲಿಟ್ಟೆನೆಂಬುದು ಮರೆಯಿತು, ಆಮೇಲೆ ಯಾವ ಜಂಪರು ಯಾರದೆಂಬುದು. ಡಾಕ್ಟರು ಕೈಚೆಲ್ಲಿದರು. ಮಾವ ಕಂಪ್ಯೂಟರಿನ ಮುಂದೆ ಎರಡನೇ ಕುರ್ಚಿ ಹಾಕಿದರು.

ದಿನಾ ಅತ್ತೆ ನೆನಪಾದ ಅಳತೆ ಹೇಳುವುದು, ಮಾವ ವೇರಿಯಬಲ್‌ಗೆ ತುಂಬಿ ಸೇವ್ ಮಾಡುವುದು. ದಿನಕ್ಕೊಂದು ಫೈಲು!

“ಮಾವಾ, ಒಂದ ಪಟ್ಟಿ ಮಾಡಿ ಎಲ್ಲಾ ಅದ್ರಾಗ ಹಾಕ್ರಿ!” ಎಂದು ಹಣೆ ಚಚ್ಚಿಕೊಂಡೆ.

“ಅಕಿ ಆವತ್ತು ಹೇಳಿದ್ದು ಆವತ್ತಿನ ಫೈಲಿನಾಗ ಇರ್ಲಿ ಬಿಡು.”

ಫೈಲುಗಳು ಇಪ್ಪತ್ತಾರಾದವು. ಆಮೇಲೆ ಅತ್ತೆಗೆ ಯಾವ ಅಳತೆಯೂ ನೆನಪಾಗಲಿಲ್ಲ.

ಒಂದು ದಿನ ಮಾವ ಸಂತೆಗೆ ಹೋಗಿದ್ದರು. ಮಹಾ ಬುದ್ಧಿವಂತೆ ನಾನು, ಇಪ್ಪತ್ತಾರನ್ನೂ ಒಂದಾದ ಮೇಲೊಂದು ರಿಸ್ಟೋರ್ ಮಾಡಿ, ಒಂದೇ ಫೈಲಿಗೆ ಸೇವ್ ಮಾಡಿ, ಹಳೆಯವನ್ನೆಲ್ಲ ಅಳಿಸಿಬಿಟ್ಟೆ. ರಿಸ್ಟೋರ್ ಜೊತೆ ‘ಅಡಿಟಿವ್’ ಎಂಬ ಪದ ಸೇರಿಸದಿದ್ದರೆ, ಪ್ರತಿ ಫೈಲೂ ಒಳಗೆ ಬರುವಾಗ ಹಿಂದಿನದನ್ನು ಒರೆಸಿಯೇ ಬರುತ್ತದೆ. ಇದು ನನಗೆ ಗೊತ್ತಾದದ್ದು ಆವತ್ತು! ನಕಲಿದ್ದ ಫ್ಲಾಪಿಗೆ ಬೂಷ್ಟು ಹಿಡಿದಿತ್ತು. ಉಳಿದದ್ದು ಕೊನೆಯ ದಿನದ ನಾಲ್ಕು ಅಂಕಿ ಮಾತ್ರ. ರೋಗಕ್ಕೆ ಒಮ್ಮೆ ಕಳೆದುಹೋದ ಅತ್ತೆಯನ್ನು ಎರಡನೇ ಸಲ ಕಳೆದವಳು ನಾನೇ.

ಮಾವ ಬಂದರು. ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚೀಲ ಕೆಳಗಿಟ್ಟು ಪರದೆಯ ಮೇಲಿನ ನಾಲ್ಕು ಅಂಕಿ ಓದಿದರು.

“ಸಣ್ಣ ಹುಡುಗಿ ಅಳತಿ ಇದು. ಯಾರ್ದು ಮಾವಾ?”

“ನಿಂದು. ಎರಡನೇ ಕ್ಲಾಸಿನಾಗಿದ್ದಾಗ ಹೊಲಿದ ಜಾಕೀಟು. ನಿನ್ನ ಹೆಸರು ಬರಲಿಲ್ಲ ಅಕಿಗೆ. ‘ನಮ್ಮ ಹುಡುಗಿ’ ಅಂತ ಗಾಳ್ಯಾಗ ಗೇಣು ಹಾಕಿ ತೋರಿಸಿದ್ಲು. ಅದ ಕಡೀದು.”

ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಅತ್ತೆ ನನ್ನ ಮುಖ ನೋಡಿ, “ಯಾರ ಮಗಳವ್ವಾ ನೀನು?” ಎಂದರು.

ಮಾವ ಕೀಬೋರ್ಡನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.

“ಲೈಟ್ ಹೋಗೂದ್ರಾಗ ಇನ್ನೊಮ್ಮೆ ಸೇವ್ ಮಾಡವ್ವಾ.”