ಎಡಕ್ಕೆ ಒಂದೂವರೆ ಬೆರಳು

ನಿವೃತ್ತನಾದ ಗಂಡಸಿಗೆ ಮನೆಯಲ್ಲಿ ಎರಡೇ ಬಗೆಯ ಕೋಣೆಗಳು. ಒಂದು, ಹೆಂಡತಿ ಈಗಷ್ಟೇ ಒರೆಸಿದ ಕೋಣೆ; ಅಲ್ಲಿ ಕಾಲಿಡುವಂತಿಲ್ಲ. ಇನ್ನೊಂದು, ಅವಳು ಇನ್ನೇನು ಒರೆಸಲಿರುವ ಕೋಣೆ, ಅಲ್ಲಿಂದ ಏಳಬೇಕು. ಹೀಗೆ ಎದ್ದೂ ಎದ್ದೂ ಸಾಕಾಗಿ ನಾನು ಕಾರಿನ ಶೆಡ್ಡಿನಲ್ಲಿ ಆಶ್ರಯ ಪಡೆದೆ. ನನ್ನ ಪಾಲಿಗೆ ಉಳಿದಿದ್ದ ಸಾಮ್ರಾಜ್ಯ ಅದೊಂದೇ. ಅದಕ್ಕೂ ನನ್ನಾಕೆಯ ಕಣ್ಣು ಬಿದ್ದಿತ್ತು.

ಅವಳು ಹೊಲಿಗೆಯವಳು. ಎರಡು ಯಂತ್ರಗಳು ಊಟದ ಮೇಜಿನ ಪಕ್ಕದಲ್ಲೇ ಇವೆ. ನಾನು ತಟ್ಟೆಯಲ್ಲಿ ಗುಂಡಿ ಕಂಡರೆ ಈಗ ಬೆಚ್ಚುವುದಿಲ್ಲ, ಎತ್ತಿ ಬದಿಗಿಟ್ಟು ಊಟ ಮುಂದುವರಿಸುತ್ತೇನೆ. "ಆ ಶೆಡ್ಡು ನನಗೆ ಕೊಡಿ, ಬೆಳಕೂ ಚೆನ್ನಾಗಿದೆ" ಎಂದು ಅವಳು ಮೂರು ವರ್ಷದಿಂದ ಕೇಳುತ್ತಲೇ ಇದ್ದಳು. ಕಾರು ಎಲ್ಲಿಗೆ ಹೋಗಬೇಕು ಎಂದರೆ, "ಕಾರು ಇರೋದೇ ಹೋಗೋಕೆ ಅಲ್ವಾ?" ಎನ್ನುವಳು.

ಕಾರಿನ ವಿಷಯ ಹೇಳಬೇಕು. ಮದುವೆಗೆ ಮುಂಚೆ ಕೊಂಡದ್ದು. ಆಗ ನನಗೆ ತಲೆತುಂಬ ಕೂದಲು, ಕಾರಿಗೆ ಮೈತುಂಬ ಹೊಳಪು. (ಈಗ ಇಬ್ಬರದೂ ಅಷ್ಟಕ್ಕಷ್ಟೇ.) ಆ ಕಾಲದಲ್ಲಿ ಪಡ್ಡೆ ಹುಡುಗರಿಗೆ ಕಾರನ್ನು ತಗ್ಗಿಸುವ ಹುಚ್ಚು. ಕಂಪನಿಯ ಸ್ಪ್ರಿಂಗು ಬಿಚ್ಚಿ ಗಿಡ್ಡ ಸ್ಪ್ರಿಂಗು ಹಾಕಿಸಿದರೆ ಕಾರು ಹೊಂಚು ಹಾಕಿ ಕೂತ ಬೆಕ್ಕಿನ ಹಾಗೆ ಕಾಣುತ್ತಿತ್ತು. ನಾನೂ ಹಾಕಿಸಿದೆ. ಮದುವೆಯಾದ ಹೊಸತರಲ್ಲಿ ಅದೇ ಕಾರಿನಲ್ಲಿ ನನ್ನಾಕೆಯನ್ನು ಕೆರೆ ದಂಡೆಗೆ ಕರೆದೊಯ್ದೆ. ದಾರಿಯ ಪ್ರತಿ ಗುಂಡಿಗೂ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು, ಪ್ರತಿ ಸಲವೂ ಅವಳು ಕಾಲು ಮೇಲೆತ್ತಿಕೊಂಡು ನಗುತ್ತಿದ್ದಳು. ಅವಳು ಕಾರಿನ ಮಾಡಿನ ಮೇಲೆ ಮೊಣಕೈಯೂರಿ ನಿಂತ ಫೋಟೋ ಇನ್ನೂ ನಮ್ಮ ಗೋಡೆಯ ಮೇಲಿದೆ. ಆ ನಗು ಎಂಥದ್ದು ಎಂದು ನಿಮಗೆ ಹೇಗೆ ಹೇಳಲಿ! ಮುಂದೆ ಮಗಳು ಹುಟ್ಟಿದಳು. ಮಗುವಿನ ಬೆನ್ನಿಗೆ ಕುಲುಕಾಟ ಆಗದೆಂದು ಆಜ್ಞೆಯಾಯಿತು. ಕಾರು ಎತ್ತರವಾಯಿತು, ನನ್ನ ದನಿ ತಗ್ಗಿತು.

ಈಗ ಮಗಳು ಮದುವೆಯಾಗಿ ತನ್ನ ಮನೆಗೆ ಹೋಗಿದ್ದಾಳೆ. ಮನೆಯಲ್ಲಿ ನಾವಿಬ್ಬರೇ. ಮಾತೂ ಸವೆದು ಸವೆದು 'ಹಾಲು ಬಂತಾ', 'ಬಾಗಿಲು ಹಾಕಿದ್ರಾ' ಎನ್ನುವಷ್ಟಕ್ಕೆ ಬಂದು ನಿಂತಿತ್ತು. ಒಂದು ದಿನ ಆ ಫೋಟೋ ನೋಡುತ್ತ ನಿಂತವನಿಗೆ ಅದ್ಭುತವಾದ ಉಪಾಯ ಹೊಳೆಯಿತು. (ನನಗೆ ಅದ್ಭುತ ಉಪಾಯ ಹೊಳೆದಾಗಲೆಲ್ಲ ಮನೆಯಲ್ಲಿ ಏನಾದರೊಂದು ಒಡೆದಿದೆ, ಇರಲಿ.) ಮತ್ತೆ ಗಿಡ್ಡ ಸ್ಪ್ರಿಂಗು ಹಾಕಿಸಿದೆ. ಕಾರು ಹಳೆಯ ಬೆಕ್ಕಾಗಿ ಶೆಡ್ಡಿಗೆ ಬಂತು.

ಮರುದಿನ ಬೆಳಿಗ್ಗೆ ಚಹಾ ಕಪ್ಪನ್ನು ಕಾರಿನ ಮೂತಿಯ ಮೇಲಿಟ್ಟು ಹಿಂದೆ ಸರಿದು ಕಣ್ತುಂಬ ನೋಡುತ್ತಿದ್ದೆ. ಕಪ್ಪಿನೊಳಗೆ ಚಹಾ ಎಡಗಡೆ ಅಂಚಿನ ತನಕ ಬಂದಿತ್ತು, ಬಲಗಡೆ ಕೆಳಗಿಳಿದಿತ್ತು. ಮಾಡಿನ ಮೇಲೆ ಬಟ್ಟಲಲ್ಲಿ ನೀರಿಟ್ಟೆ; ಅದೂ ಎಡಕ್ಕೆ. ಹಿಂದಿನ ಡಿಕ್ಕಿಯ ಮೇಲಿಟ್ಟೆ, ಅಲ್ಲೂ ಎಡಕ್ಕೆ. ಹಿಂಗೋಡೆಯ ಇಟ್ಟಿಗೆ ಸಾಲಿಗೆ ಒಂದು ಕಣ್ಣು ಮುಚ್ಚಿ ಹೋಲಿಸಿ ನೋಡಿದೆ. ಸಂಶಯವೇ ಇಲ್ಲ, ಕಾರು ಎಡಕ್ಕೆ ಒಂದೂವರೆ ಬೆರಳು ವಾಲಿತ್ತು.

"ಏನ್ರೀ ಅದು, ಕಾರಿನ ಮೇಲೆಲ್ಲ ಪಾತ್ರೆ ಹರಡಿದೀರಾ?" ನನ್ನಾಕೆ ಬಾಗಿಲಲ್ಲಿ ನಿಂತಿದ್ದಳು.

"ಕಾರು ವಾಲಿದೆ ಕಣೇ. ಸ್ಪ್ರಿಂಗ್ ದೋಷ."

ಅವಳು ಕೊರಳಲ್ಲಿದ್ದ ಅಳತೆ ಟೇಪು ತೆಗೆದು ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಹಿಡಿದಳು. ಎಡಗಡೆಯ ಎರಡು ಚಕ್ರ, ಬಲಗಡೆಯ ಎರಡು ಚಕ್ರ. "ಮುಂದೆ ಎರಡೂ ಕಡೆ ಒಂದೇ. ಹಿಂದೆ ಎರಡೂ ಕಡೆ ಒಂದೇ. ನಿಮ್ಮ ಸ್ಪ್ರಿಂಗ್ ಸರಿಯಾಗೇ ಇದೆ."

"ಅದು ಪ್ಯಾಂಟ್ ಅಳೆಯೋ ಟೇಪು ಮಾರಾಯ್ತಿ. ಇದು ವಾಹನ ಶಾಸ್ತ್ರ."

"ಹಾಗಾದ್ರೆ ಶಾಸ್ತ್ರಿಗಳೇ, ಪಂಥ ಕಟ್ಟೋಣ. ಮುಂದಿನ ಭಾನುವಾರದೊಳಗೆ ಕಾರು ಸರಿ ಮಾಡಿ. ಸರಿಯಾದ್ರೆ ಶೆಡ್ಡಿನ ಮಾತೇ ಎತ್ತಲ್ಲ. ಆಗ್ಲಿಲ್ಲ ಅಂದ್ರೆ ಶೆಡ್ಡು ನಂದು. ತೀರ್ಪು ಹೇಳೋಕೆ ನನ್ನ ತಮ್ಮನ್ನ ಕರೀತೀನಿ."

ಅವಳ ತಮ್ಮ ಗಾರೆ ಮೇಸ್ತ್ರಿ. ಅಕ್ಕನ ಪರ ತೀರ್ಪು ಕೊಡುವುದರಲ್ಲಿ ಅವನಿಗೆ ಮೂವತ್ತು ವರ್ಷದ ಅನುಭವ. ಆದರೂ ನಾನು ಒಪ್ಪಿಕೊಂಡೆ. ಗಂಡಸು, ನೋಡಿ!

ಮೊದಲು ಟೈರುಗಳ ಗಾಳಿ ನೋಡಿಸಿದೆ. ನಾಲ್ಕರಲ್ಲೂ ಸಮ. ಆಮೇಲೆ ಡಿಕ್ಕಿಯಲ್ಲಿ ಎಡಗಡೆ ಭಾರ ಇರಬಹುದೆಂದು ಎಲ್ಲ ಹೊರಗೆಳೆದೆ. ಜಾಕು, ಹಗ್ಗ, ಹರಿದ ಚಾಪೆ, ತಳದಲ್ಲಿ ಮಗಳ ಒಂಟಿ ಬೂಟು. ಅವಳಿಗೆ ಮೂರು ವರ್ಷವಿದ್ದಾಗ ಅದಕ್ಕಾಗಿ ಇಡೀ ಮನೆ ತಲೆಕೆಳಗು ಮಾಡಿದ್ದೆವು. ನನ್ನಾಕೆ ಯಂತ್ರ ನಿಲ್ಲಿಸಿ ಬಂದು ನನ್ನ ಪಕ್ಕದಲ್ಲೇ ನೆಲಕ್ಕೆ ಕೂತಳು. ಬೂಟಿನ ಧೂಳನ್ನು ಸೆರಗಿನ ತುದಿಯಲ್ಲಿ ಒರೆಸಿದಳು. ಅವತ್ತು ಮಳೆ ಬಂದದ್ದು, ಮಗು ಒಂದೇ ಬೂಟಿನಲ್ಲಿ ಕುಂಟುತ್ತ ಕಾರು ಹತ್ತಿದ್ದು, ನಾನು ಬೀಗದ ಕೈ ಒಳಗೇ ಬಿಟ್ಟು ಬಾಗಿಲು ಹಾಕಿದ್ದು, ಒಂದಾದ ಮೇಲೊಂದು ನೆನಪಾಗಿ ಮಧ್ಯಾಹ್ನದ ಊಟಕ್ಕೆ ಎರಡು ಗಂಟೆ ತಡವಾಯಿತು. ಕಾರು ಮಾತ್ರ ಎಡಕ್ಕೇ ಇತ್ತು.

ಗ್ಯಾರೇಜಿಗೆ ಒಯ್ದು ಎಡದ ಸ್ಪ್ರಿಂಗುಗಳನ್ನು ಬಲಕ್ಕೆ, ಬಲದವನ್ನು ಎಡಕ್ಕೆ ಹಾಕಿಸಿದೆ. ಸ್ಪ್ರಿಂಗಿನ ತಪ್ಪಾಗಿದ್ದರೆ ಈಗ ಬಲಕ್ಕೆ ವಾಲಬೇಕು, ಇದು ಶಾಸ್ತ್ರ. ಗ್ಯಾರೇಜಿನವನು ಕೆಲಸ ಮುಗಿಸಿ, "ಸಾರ್, ಮೊದಲೂ ನೆಟ್ಟಗಿತ್ತು, ಈಗಲೂ ನೆಟ್ಟಗಿದೆ" ಎಂದ. ಪಾಪ, ವಯಸ್ಸಾಗಿದೆ, ಕಣ್ಣು ಮಂಜಾಗಿರಬೇಕು ಎಂದುಕೊಂಡೆ. ಮನೆಗೆ ತಂದು ಶೆಡ್ಡಿನಲ್ಲಿ ನಿಲ್ಲಿಸಿ ಬಟ್ಟಲಿಟ್ಟರೆ, ನೀರು ಎಡಕ್ಕೆ!

ಅಂದರೆ ದೋಷ ಸ್ಪ್ರಿಂಗಿನದಲ್ಲ, ಚೌಕಟ್ಟಿನದೇ. ಇನ್ನು ಉಳಿದದ್ದು ಒಂದೇ ದಾರಿ. ಶನಿವಾರ ಮತ್ತೆ ಹೋಗಿ ಎಡಗಡೆಯ ಎರಡೂ ಸ್ಪ್ರಿಂಗುಗಳ ಮೇಲೆ ರಬ್ಬರಿನ ದಪ್ಪ ಬಿಲ್ಲೆ ಕೂರಿಸಲು ಹೇಳಿದೆ.

"ಹಾಕಿದ್ರೆ ಬಲಕ್ಕೆ ವಾಲುತ್ತೆ ಸಾರ್."

"ನೀನು ಹಾಕಪ್ಪ. ನನಗೆ ಗೊತ್ತಿದೆ."

ಅವನು ಹಾಕಿದ. ನಾನು ಶೆಡ್ಡಿಗೆ ತಂದು ಉಸಿರು ಬಿಗಿಹಿಡಿದು ಬಟ್ಟಲಿಟ್ಟೆ. ನೀರು ಕನ್ನಡಿಯ ಹಾಗೆ ಸಮ! ಅಲ್ಲೇ ನಾಲ್ಕು ಹೆಜ್ಜೆ ಕುಣಿದೆ. (ಐದನೆಯದಕ್ಕೆ ಸೊಂಟ ಹಿಡಿಯಿತು.)

ಭಾನುವಾರ ಭಾವಮೈದುನ ಕಂಕುಳಲ್ಲಿ ರಸಮಟ್ಟ ಇಟ್ಟುಕೊಂಡು ಬಂದ. ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುತ್ತ ಮಟ್ಟ ತೋರಿಸುವ ಆ ಮರದ ಪಟ್ಟಿಯನ್ನು ನಾನೇ ಕಸಿದು ಕಾರಿನ ಮೂತಿಯ ಮೇಲಿಟ್ಟೆ. ಗುಳ್ಳೆ ಸರಿಯಾಗಿ ನಡುವೆ ನಿಂತಿತು.

"ನೋಡಯ್ಯಾ! ಹೇಳು ತೀರ್ಪು!"

ಅವನು ಪಟ್ಟಿಯನ್ನು ಎತ್ತಿ ಕಾರಿನ ಪಕ್ಕ ನೆಲದ ಮೇಲಿಟ್ಟ. ಗುಳ್ಳೆ ಸರ್ರನೆ ಬಲಗಡೆ ತುದಿಗೆ ಓಡಿತು.

"ನೆಲ ಎಡಕ್ಕೆ ಇಳಿಜಾರು ಭಾವ. ಕಾರು ತೊಳೆದ ನೀರು ಮೋರಿಗೆ ಹರಿಯೋ ಹಾಗಿರಬೇಕು ಅಂತ ನೀವೇ ಪಕ್ಕ ನಿಂತು ಹಾಕಿಸಿದ್ರಿ. ಇಷ್ಟು ಇಳಿಜಾರು ಬೇಡ ಅಂದೆ, ನಿನಗೇನೋ ಗೊತ್ತು ಅಂತ ಬೈದ್ರಿ."

ಕಾರನ್ನು ಹೊರಗೆ ಸಮ ರಸ್ತೆಗೆ ತಂದೆವು. ಎಡಗಾಲಿಗೆ ಮಾತ್ರ ಬೂಟು ಹಾಕಿದವನ ಹಾಗೆ ಬಲಕ್ಕೆ ವಾಲಿ ನಿಂತಿತು. ಭಾವಮೈದುನ ನಗು ತಡೆಯಲು ಮೀಸೆ ತಿರುವಿದ. ನನಗೆ ಅಳುವೊಂದು ಬಾಕಿ.

ನನ್ನಾಕೆ ಮಾತ್ರ ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಂದು ಬಾಗಿಲು ತೆಗೆದು ಮಂಡಿ ಹಿಡಿದುಕೊಂಡು ಒಳಗೆ ಇಳಿದಳು. "ನಡೀರಿ, ಕೆರೆಗೆ ಹೋಗಿ ಬರೋಣ."

ನಮ್ಮ ಕಾರಿನ ಮುಂದಿನ ಸೀಟು ಹಳೆ ಕಾಲದ್ದು, ಬೆಂಚಿನ ಹಾಗೆ ಒಂದೇ ಉದ್ದ. ಕಾರು ನನ್ನ ಕಡೆಗೆ ವಾಲಿತ್ತಲ್ಲ, ಪ್ರತಿ ತಿರುವಿಗೂ ಅವಳು ಒಂದಿಷ್ಟು ನನ್ನತ್ತ ಜಾರಿದಳು. ಕೆರೆ ಬರುವ ಹೊತ್ತಿಗೆ ಭುಜಕ್ಕೆ ಭುಜ ತಾಗಿತ್ತು. ಅವಳು ಹಿಂದೆ ಸರಿಯಲಿಲ್ಲ. ಗುಂಡಿಯಲ್ಲಿ ಹೊಟ್ಟೆ ಉಜ್ಜಿದಾಗ ಕಾಲು ಮೇಲೆತ್ತಲು ಹೋಗಿ ಮಂಡಿ ನೋವಿಗೆ "ಅಯ್ಯಯ್ಯೋ" ಎಂದು ನಕ್ಕಳು. ಅದೇ ನಗು!

ದಂಡೆಯಲ್ಲಿ ಕೂತಾಗ ಕೇಳಿದೆ, "ನೆಲ ಇಳಿಜಾರು ಅಂತ ನಿನಗೆ ಗೊತ್ತಿತ್ತಾ?"

"ಅದನ್ನ ಇಷ್ಟು ವರ್ಷ ಒರೆಸಿದೋಳು ನಾನು. ನೀರು ಯಾವ ಕಡೆ ಓಡುತ್ತೆ ಅಂತ ಗೊತ್ತಿರಲ್ವಾ?"

"ಮತ್ತೆ ಬಾಯಿ ಬಿಡಲಿಲ್ಲ?"

ಅವಳು ನೀರನ್ನೇ ನೋಡುತ್ತ ಹೇಳಿದಳು, "ಹೇಳಿದ್ರೆ ಆವತ್ತೇ ಮುಗಿದುಹೋಗ್ತಿತ್ತು. ಈ ವಾರ ಎಲ್ಲ ನೀವು ಒಂದೊಂದಕ್ಕೂ ನನ್ನ ಕೂಗಿದ್ರಿ. ಎಷ್ಟು ವರ್ಷ ಆಗಿತ್ತು ನಾವು ಅಷ್ಟು ಮಾತಾಡಿ! ಮುಗೀಬಾರದು ಅನ್ನಿಸ್ತು."

ಇವಳ ಜೊತೆ ಶೆಡ್ಡಿಗಾಗಿ ಜಗಳವೇ ಎಂದು ನನ್ನ ಮೇಲೆ ನನಗೇ ನಾಚಿಕೆಯಾಯಿತು. ಎದ್ದು ನಿಂತು ಚಕ್ರವರ್ತಿಯಂತೆ ಕೈ ಚಾಚಿ ಘೋಷಿಸಿದೆ: "ಪಂಥ ಹಾಗಿರಲಿ. ಸೋತು ಕೊಡ್ತಾ ಇಲ್ಲ, ಮನಸಾರೆ ಕೊಡ್ತಾ ಇದೀನಿ. ಇವತ್ತಿಂದ ಆ ಶೆಡ್ಡು ನಿನ್ನದು!"

"ನಿಜವಾಗ್ಲೂನಾ?" ಅವಳ ಕಣ್ಣುಗಳು ಅಗಲವಾದವು. "ಇನ್ನೊಂದು ಸಲ ಯೋಚನೆ ಮಾಡಿ."

"ಕೊಟ್ಟ ಮಾತು ಕೊಟ್ಟ ಹಾಗೇ" ಎಂದೆ. ಇಂಥ ಔದಾರ್ಯ ನನ್ನಲ್ಲಿದೆಯೆಂದು ನನಗೇ ಅಷ್ಟು ದಿನ ತಿಳಿದಿರಲಿಲ್ಲ. ದಾರಿಯುದ್ದಕ್ಕೂ ಹಾಡು ಗುನುಗುತ್ತ ಬಂದೆ.

ಮನೆ ಮುಂದೆ ಕಾರು ನಿಲ್ಲಿಸಿದರೆ ಶೆಡ್ಡಿನ ಬಾಗಿಲು ಹಾರು ಹೊಡೆದಿತ್ತು. ಒಳಗೆ ಎರಡೂ ಹೊಲಿಗೆ ಯಂತ್ರಗಳು ಕಿಟಕಿಗೆ ಮುಖ ಮಾಡಿ ಕೂತಿದ್ದವು. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ನೂಲಿನ ಉಂಡೆಗಳು, ನನ್ನ ಸ್ಪ್ಯಾನರು, ಜಾಕುಗಳೆಲ್ಲ ಹೊರಗೆ ಒಂದು ಬುಟ್ಟಿಯಲ್ಲಿ. ಭಾವಮೈದುನ ಏಣಿಯ ಮೇಲೆ ನಿಂತು ಬಾಗಿಲ ನೆತ್ತಿಗೆ ಒಂದು ಫಲಕ ಹೊಡೆಯುತ್ತಿದ್ದ. 'ಹೊಲಿಗೆ ಮನೆ', ಕೆಂಪು ಅಕ್ಷರ, ಸುತ್ತಲೂ ಹೂಬಳ್ಳಿ.

"ಭಾವ, ಸ್ವಲ್ಪ ಈ ತುದಿ ಹಿಡೀರಿ, ವಾಲ್ತಾ ಇದೆ" ಎಂದ.

ಹಿಡಿಯುವಾಗ ಮೆಲ್ಲನೆ ಬೆರಳು ತಾಗಿಸಿ ನೋಡಿದೆ. ಬಣ್ಣ ಪೂರ್ತಿ ಒಣಗಿತ್ತು. ಪಂಥ ಕಟ್ಟಿ ಒಂದು ವಾರ; ಫಲಕ ಬಳಿದು ಕಡಿಮೆಯೆಂದರೂ ಹತ್ತು ದಿನವಾಗಿರಬೇಕು.