ಈ ಅಂಗಿ ನಾನೇ ಹೊಲಿದದ್ದು

ಹೊಸ ಅಂಗಿ ಹಾಕಿಕೊಂಡು ಮನೆಯಿಂದ ಹೊರಟರೆ ಸಾಕು, ಸಂಜೆ ವಾಪಸು ಬರುವಷ್ಟರಲ್ಲಿ ಎಲ್ಲಾದರೂ ಒಂದು ಕಡೆ ನನ್ನ ಮಾನ ಹೋಗಿರುತ್ತದೆ. ಒಂದು ಸಲವಾದರೆ ಸಹಿಸಬಹುದು. ಆರು ವರ್ಷದಿಂದ ಹೀಗೇ ಆಗುತ್ತಿದೆ. ನಾನು ಬದಿಯಡ್ಕದ ಆಚೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಷ್ಟ್ರು. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ, ಸ್ಟಾಫ್ ಮೀಟಿಂಗಿನಲ್ಲಿ ಜಾಸ್ತಿ ಮಾತಾಡುವುದೂ ಇಲ್ಲ. ನನ್ನ ಅಂಗಿಗಳನ್ನು ನಾನೇ ಹೊಲಿದು ಹಾಕಿಕೊಳ್ಳುತ್ತೇನೆ. ನನ್ನ ತಪ್ಪು ಅದೊಂದೇ.

ಅಳತೆ

ಇದಕ್ಕೆಲ್ಲ ಕಾರಣ ಪೇಟೆಯ ಟೈಲರ್. ಓಣಂ ರಜೆಗೆ ಬೇಕೆಂದು ಒಂದು ಅಂಗಿಯ ಬಟ್ಟೆ ಕೊಟ್ಟಿದ್ದೆ. ಓಣಂ ಹೋಯಿತು, ದೀಪಾವಳಿ ಹೋಯಿತು, ಕ್ರಿಸ್‌ಮಸ್ ಪರೀಕ್ಷೆಯೂ ಮುಗಿಯಿತು. ಹೋದಾಗಲೆಲ್ಲ ಒಂದೇ ಉತ್ತರ: "ಕಾಜಾ ಮಾತ್ರ ಬಾಕಿ ಮಾಷ್ಟ್ರೇ." ಗುಂಡಿ ತೂರುವ ನಾಲ್ಕು ತೂತಿಗೆ ಇಷ್ಟು ತಿಂಗಳು ಯಾಕೆಂದು ಕೇಳಿದರೆ, "ಕಾಜಾದ ಜನ ಊರಿಗೆ ಹೋಗಿದ್ದಾನೆ" ಎನ್ನುತ್ತಿದ್ದ.

ಕಡೆಗೆ ಶಿವರಾತ್ರಿಯ ಹೊತ್ತಿಗೆ ಅಂಗಿ ಸಿಕ್ಕಿತು. ಅಂಗಡಿಯಲ್ಲೇ ಹಾಕಿ ನೋಡಿದೆ. ಹೊಟ್ಟೆಯ ಹತ್ತಿರ ಗುಂಡಿಗೂ ಕಾಜಾಕ್ಕೂ ಎರಡು ಬೆರಳು ದೂರ.

"ಇದೆಂತ ಮಾರಾಯ, ಬಿಗಿ ಆಗ್ತದಲ್ಲ?"

ಅವನು ಅವಸರ ಮಾಡಲಿಲ್ಲ. ಅಳತೆಯ ಪುಸ್ತಕ ತೆಗೆದು, ಅಂಗಿಯ ಮೇಲೆ ಟೇಪು ಹಿಡಿದು ತಾಳೆ ನೋಡಿದ.

"ಅಂಗಿ ಕರೆಕ್ಟ್ ಉಂಟು ಮಾಷ್ಟ್ರೇ. ನಾನು ಅಳತೆ ತೆಗೆದ ಜನ ನೀವಲ್ಲ."

"ಮತ್ತೆ ಯಾರು?"

"ಅದು ಓಣಂ ಸಮಯದ ನೀವು. ಆ ಜನ ಬಂದ್ರೆ ಈಗಲೂ ಸರೀ ಕೂತ್ಕೊಳ್ತದೆ."

ಹೊಗಳಿಕೆ

ಆ ಸಿಟ್ಟಿನಲ್ಲೇ ಮನೆಗೆ ಬಂದು ಅಮ್ಮನ ಹಳೆಯ ಹೊಲಿಗೆ ಮೆಷಿನನ್ನು ಅಟ್ಟದಿಂದ ಇಳಿಸಿದೆ. ಎಣ್ಣೆ ಬಿಟ್ಟೆ, ಹೊಸ ಬೆಲ್ಟ್ ಹಾಕಿಸಿದೆ. ಒಂದು ಹಳೆಯ ಅಂಗಿಯ ಹೊಲಿಗೆಯನ್ನೆಲ್ಲ ಬಿಚ್ಚಿ, ತುಂಡುಗಳನ್ನು ಪೇಪರಿನ ಮೇಲೆ ಹರಡಿ ಗೆರೆ ಎಳೆದುಕೊಂಡೆ. ಮೊದಲ ಮೂರು ಅಂಗಿಗಳು ನೆಲ ಒರೆಸಲು ಹೋದವು. ನಾಲ್ಕನೆಯದು ಅಂಗಿಯೇ ಆಯಿತು. ನೀಲಿ ಚೌಕುಳಿಯ ಬಟ್ಟೆ. ಎದೆಯ ಮೇಲಿನ ಗೆರೆಯೂ ಕಿಸೆಯ ಗೆರೆಯೂ ಒಂದಕ್ಕೊಂದು ಕೂಡಿ, ಕಿಸೆ ಎಲ್ಲಿದೆ ಎಂದು ಹುಡುಕಬೇಕು, ಹಾಗಿತ್ತು.

ಶಾಲೆಯಲ್ಲಿ ಹಿಂದಿ ಟೀಚರ್ ಮೊದಲು ನೋಡಿದರು. "ಆಯ್, ಎಷ್ಟು ಚಂದ ಉಂಟು! ಹೆಂಡತಿ ಹೊಲಿದದ್ದಾ?"

"ಅಲ್ಲ ಟೀಚರೇ, ನಾನೇ."

ಸ್ಟಾಫ್ ರೂಮಿನಲ್ಲಿ ಇದ್ದವರೆಲ್ಲ ನಕ್ಕರು. ಹೆಡ್‌ಮಾಷ್ಟ್ರು ಮಾತ್ರ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ತಮಾಷೆ ಸರಿ. ಆದರೆ ಮನೆಯ ಹೆಂಗಸು ಕಷ್ಟಪಟ್ಟು ಮಾಡಿದ್ದನ್ನು ನನ್ನದು ಅಂತ ಹೇಳ್ಬಾರದು ಮಾಷ್ಟ್ರೇ" ಎಂದರು.

ನನ್ನ ಹೆಂಡತಿ ಸಹಕಾರಿ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ. ಸೂಜಿಗೆ ದಾರ ಪೋಣಿಸಲು ನನ್ನನ್ನೇ ಕರೆಯುವವಳು. ಅವಳಿಗೆ ಅದೇ ಸಂಜೆ ಹಿಂದಿ ಟೀಚರ ಫೋನು ಬಂತು. ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ. ಇವಳು ನಿಟ್ಟುಸಿರು ಬಿಟ್ಟು ಹೇಳುತ್ತಾಳೆ: "ಎಂತ ಮಾಡುದು ಟೀಚರೇ, ಇವರಿಗೆ ಅಂಗಡಿಯದ್ದು ಹಿಡಿಸುದೇ ಇಲ್ಲ."

ಫೋನು ಇಟ್ಟ ಮೇಲೆ ಜಗಳ ತೆಗೆದೆ. "ನಾನು ಹೊಲಿದೆ ಅಂತ ನಾನೆಲ್ಲಿ ಹೇಳಿದೆ?" ಎಂದಳು. "ಅವರು ಹೊಗಳಿದರು. ಹೊಗಳುವವರ ಬಾಯಿ ಮುಚ್ಚಿಸ್ಲಿಕ್ಕೆ ಆಗ್ತದಾ?"

ಮುಂದಿನ ವಾರ ಹಿಂದಿ ಟೀಚರು ಹೆಂಡತಿಗೆಂದು ನನ್ನ ಕೈಯಲ್ಲಿ ಒಂದು ಚೀಲ ಕೊಟ್ಟು ಕಳಿಸಿದರು. ಅದರಲ್ಲಿ ರವಿಕೆಯ ಬಟ್ಟೆ, ಜತೆಗೆ ಅಳತೆಗೆ ಒಂದು ಹಳೆಯ ರವಿಕೆ. ಹೆಂಡತಿ ಚೀಲವನ್ನು ಸೀದಾ ನನ್ನ ಮೆಷಿನಿನ ಮೇಲೆ ಇಟ್ಟು ಕಾಫಿ ಮಾಡಲು ಹೋದಳು. ಮುಟ್ಟುವುದಿಲ್ಲ ಎಂದು ಎರಡು ದಿನ ಹಟ ಮಾಡಿದೆ. ಮೂರನೆಯ ದಿನ ಹೊಲಿದೆ. ಯಾಕೆಂದರೆ ಬಟ್ಟೆ ಅಷ್ಟು ಒಳ್ಳೆಯದಿತ್ತು. ಇಸ್ತ್ರಿ ಹಾಕಿ ನಾನೇ ಶಾಲೆಗೆ ತೆಗೆದುಕೊಂಡು ಹೋಗಿ ಕೊಟ್ಟೆ.

ಮರುದಿನ ಹಿಂದಿ ಟೀಚರು ಎಲ್ಲರ ಎದುರು ಹೇಳಿದರು: "ಇಷ್ಟು ಸರಿಯಾದ ರವಿಕೆಯನ್ನು ನಾನು ಈವರೆಗೆ ಹಾಕಿದ್ದೇ ಇಲ್ಲ. ನಿಮ್ಮ ಹೆಂಡತಿಯ ಕೈಗೆ ಚಿನ್ನದ ಬಳೆ ಹಾಕ್ಬೇಕು. ಆದರೆ ಮಾಷ್ಟ್ರೇ, ನೀವು ಸ್ವಲ್ಪ ಜಾಗ್ರತೆ ಮಾಡ್ಬೇಕಿತ್ತು. ಪಾಪ, ಅವರು ಅಷ್ಟು ಚಂದ ಇಸ್ತ್ರಿ ಹಾಕಿ ಕೊಟ್ಟದ್ದನ್ನು ಬ್ಯಾಗಿಗೆ ತುರುಕಿ ಎಲ್ಲ ಮುದುಡಿಸಿದ್ದೀರಿ!"

ಒಂದೇ ಥಾನು

ಕಾಸರಗೋಡಿನ ಒಂದು ಬಟ್ಟೆ ಅಂಗಡಿಯಲ್ಲಿ ಸಣ್ಣ ಸಣ್ಣ ಹಳದಿ ಹೂವಿನ ಹತ್ತಿ ಬಟ್ಟೆ ನೋಡಿ ಮನಸೋತೆ. ಎರಡೂವರೆ ಮೀಟರ್ ಕೊಡಿ ಎಂದೆ.

"ಯಾರಿಗೆ ಸಾರ್?"

"ನನಗೆ."

ಅಂಗಡಿಯವನು ಬಟ್ಟೆ ಸುತ್ತಿದ ಥಾನನ್ನು ಮೆಲ್ಲ ಹಿಂದಕ್ಕೆ ಎಳೆದುಕೊಂಡ. "ಗಂಡಸರದ್ದು ಮೇಲೆ ಮಾಳಿಗೆಯಲ್ಲಿ ಉಂಟು."

"ನನಗೆ ಇದೇ ಬೇಕು."

"ಸಾರ್, ಇದು ನೈಟಿಯ ಬಟ್ಟೆ."

ನನಗೆ ಎಲ್ಲಿಲ್ಲದ ಕೋಪ ಬಂತು. ಬಟ್ಟೆಯ ಮೇಲೆ ನೈಟಿ ಎಂದು ಬರೆದಿದೆಯಾ? ಹತ್ತಿಗೆ ಹೆಣ್ಣು ಗಂಡು ಉಂಟಾ? ಐದು ನಿಮಿಷ ಭಾಷಣ ಮಾಡಿ, ಗೆದ್ದು, ಬಟ್ಟೆ ತಂದೆ. ಅಂಗಿ ನಾನು ಎಣಿಸಿದ್ದಕ್ಕಿಂತ ಚಂದ ಬಂತು. ಕಾಲರ್ ಅಂತೂ ಎದ್ದು ನಿಂತಿತ್ತು.

ಅದನ್ನು ಹಾಕಿಕೊಂಡು ಶನಿವಾರ ರೇಶನ್ ಅಂಗಡಿಗೆ ಹೋದೆ. ಸಾಲಿನಲ್ಲಿ ನನ್ನ ಮುಂದೆ ನೆರೆಮನೆಯ ಕೊಂಕಣಿ ಬಾಯಮ್ಮ ನಿಂತಿದ್ದರು. ಅದೇ ಹಳದಿ ಹೂವಿನ ನೈಟಿ, ಹೆಗಲಿಗೆ ಶಾಲಿನ ಬದಲು ಒಂದು ಬೈರಾಸು ಟವೆಲು. ತಿರುಗಿ ನನ್ನನ್ನು ನೋಡಿದರು. ತಮ್ಮ ನೈಟಿ ನೋಡಿಕೊಂಡರು. ಮತ್ತೆ ನನ್ನನ್ನು ನೋಡಿದರು.

"ಮಾಷ್ಟ್ರೇ, ಮೊನ್ನೆ ನನ್ನ ಬಟ್ಟೆಯ ಹಗ್ಗದಿಂದ ಗಾಳಿಗೆ ಎಂತಾದರೂ ನಿಮ್ಮಲ್ಲಿಗೆ ಹಾರಿ ಬಂದಿತ್ತಾ?"

"ಇಲ್ಲ ಬಾಯಮ್ಮ! ಇದು ನಾನು ಬಟ್ಟೆ ತಂದು ಹೊಲಿದದ್ದು!"

ನನ್ನ ಸ್ವರ ಸ್ವಲ್ಪ ದೊಡ್ಡದಾಗಿರಬೇಕು. ರೇಶನ್ ಅಂಗಡಿಯವನು ತಕ್ಕಡಿ ಬಿಟ್ಟು ತಲೆಯೆತ್ತಿದ. ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಬೆರಳು ಒತ್ತಿಸುವ ಯಂತ್ರದ ಕಡೆ ಕೈ ಚಾಚುತ್ತಾ ಕೇಳಿದ:

"ನೀವಿಬ್ಬರೂ ಒಂದೇ ಕಾರ್ಡಾ?"

ಕೊಡೆ

ಪಂಚಾಯತು ಚುನಾವಣೆಗೆ ನನಗೆ ಬೆಳ್ಳೂರಿನ ಕಡೆ ಡ್ಯೂಟಿ ಬಿತ್ತು. ಮತದಾರರ ಪಟ್ಟಿ ನೋಡಿ ಹೆಸರು ಓದುವ ಕೆಲಸ. ಹಿಂದಿನ ದಿನವೇ ಹೋಗಿದ್ದೆವು. ಆ ದಿನದ ಅಂಗಿಯನ್ನು ಒಗೆದು ಹಾಕಿದ್ದೆ, ಬೆಳಿಗ್ಗೆಯೂ ನೀರು ತೊಟ್ಟಿಕ್ಕುತ್ತಿತ್ತು. ಉಳಿದದ್ದು ನನ್ನ ಹೊಸ ಅಂಗಿ. ಕಡು ನೀಲಿ ಬಟ್ಟೆ, ಅದರ ತುಂಬ ಅಕ್ಕಿಕಾಳಿನಷ್ಟು ಸಣ್ಣ ಬಿಳಿ ಕೊಡೆಗಳು.

ಮತದಾನ ಸುರುವಾಗಿ ಹತ್ತು ನಿಮಿಷ ಆಗಿಲ್ಲ. ಬೂತಿನಲ್ಲಿ ಕೂತಿದ್ದ ಒಂದು ಪಕ್ಷದ ಏಜೆಂಟ್ ಎದ್ದು ನಿಂತ. "ಮೇಡಂ, ಈ ಮಾಷ್ಟ್ರ ಅಂಗಿಯಲ್ಲಿ ಪ್ರಚಾರ ಉಂಟು."

ಆ ವಾರ್ಡಿನಲ್ಲಿ ಸ್ವತಂತ್ರ ಅಭ್ಯರ್ಥಿಯೊಬ್ಬನ ಚಿಹ್ನೆ ಕೊಡೆ. ದೇವರಾಣೆ ನಾನು ಅದನ್ನು ಯೋಚಿಸಿರಲಿಲ್ಲ.

ಪ್ರಿಸೈಡಿಂಗ್ ಆಫೀಸರ್ ಆಗಿ ಬಂದದ್ದು ಇನ್ನೂ ಪ್ರಾಯದ ಹುಡುಗಿ, ಅವಳಿಗೆ ಅದು ಮೊದಲ ಚುನಾವಣೆ. ಹತ್ತಿರ ಬಂದು ಕಣ್ಣು ಸಣ್ಣ ಮಾಡಿ ನೋಡಿದಳು. "ಎಷ್ಟು ಕೊಡೆ ಉಂಟು ಸಾರ್?"

"ಎದುರಿನಲ್ಲಿ ಇನ್ನೂರ ಹದಿನಾರು" ಎಂದೆ. ಎಡಬಲ ಸಮ ಬರಲಿ ಎಂದು ಎಣಿಸಿಯೇ ಕತ್ತರಿಸಿದವ ನಾನು. ಹೇಳಬಾರದಿತ್ತು. ಏಜೆಂಟ್ ಅದನ್ನು ಬರೆದುಕೊಂಡ.

"ದಯಮಾಡಿ ತಿರುಗಿಸಿ ಹಾಕಿ ಬನ್ನಿ" ಎಂದಳು ಹುಡುಗಿ.

ಬಾಗಿಲ ಮರೆಗೆ ಹೋಗಿ ಒಳಗನ್ನು ಹೊರಗೆ ಮಾಡಿ ಹಾಕಿಕೊಂಡು ಬಂದೆ. ಕೂತದ್ದೇ ತಡ, ಕೊಡೆಯವನ ಏಜೆಂಟ್ ಎದ್ದ. "ನಮ್ಮ ಚಿಹ್ನೆಯನ್ನು ಬೇಕೆಂದೇ ಮುಚ್ಚಿದ್ದಾರೆ. ಇದು ಅನ್ಯಾಯ!" ಮೊದಲಿನವನು ಬಗ್ಗಿ ನೋಡಿ, "ಮುಚ್ಚಿದ್ದೆಲ್ಲಿ? ಒಳಗಿಂದ ಮಸುಕಾಗಿ ಕಾಣ್ತದೆ" ಎಂದ. ಇಬ್ಬರೂ ನನ್ನ ಬೆನ್ನಿನ ಹಿಂದೆ ನಿಂತು ವಾದ ಮಾಡಿದರು. ಹುಡುಗಿ ಇಬ್ಬರನ್ನೂ ಗದರಿಸಿ ಕೂರಿಸಿದಳು.

ಆಮೇಲೆ ಬಂದವರೆಲ್ಲ ಬೆರಳಿಗೆ ಶಾಯಿ ಹಾಕಿಸಿಕೊಳ್ಳುವ ಮೊದಲು ನನಗೆ ಒಂದು ಮಾತು ಹೇಳಿಯೇ ಹೋದರು. "ಮಾಷ್ಟ್ರೇ, ಅಂಗಿ ಉಲ್ಟಾ." ಮಧ್ಯಾಹ್ನದವರೆಗೆ ನೂರಕ್ಕೂ ಹೆಚ್ಚು ಜನರಿಗೆ ಗೊತ್ತುಂಟು, ಗೊತ್ತುಂಟು ಎಂದು ಹಲ್ಲು ಕಚ್ಚಿ ಹೇಳಿದೆ. ಕಡೆಗೆ ಉತ್ತರ ಕೊಡುವುದನ್ನೇ ಬಿಟ್ಟೆ.

ಊಟದ ಹೊತ್ತಿಗೆ ಕೋಲೂರಿಕೊಂಡು ಒಬ್ಬರು ಅಜ್ಜಿ ಬಂದರು. ನಾನು ಹೆಸರು ಓದಿದೆ. ಅವರು ಮುಂದೆ ಹೋಗಲಿಲ್ಲ. ನನ್ನ ಹೆಗಲ ಹೊಲಿಗೆಯ ಮೇಲೆ ಬೆರಳಾಡಿಸಿದರು, ತೋಳಿನ ಅಂಚು ಹಿಡಿದು ನೋಡಿದರು. ಒಂದು ನೂಲೂ ಜೋತಾಡದ ಹಾಗೆ ಅಂಚನ್ನೆಲ್ಲ ಒಳಗೆ ಮಡಚಿ ಹೊಲಿದಿದ್ದೆ. ನನ್ನ ಎದೆ ತುಂಬಿ ಬಂತು. ಅಂತೂ ಕಣ್ಣಿರುವವರು ಒಬ್ಬರು ಸಿಕ್ಕಿದರು.

"ಇದು ಯಾರು ಹೊಲಿದದ್ದು ಮಗಾ?"

"ನಾನೇ ಅಜ್ಜಿ" ಎಂದೆ, ಇಡೀ ಬೂತಿಗೆ ಕೇಳುವ ಹಾಗೆ.

"ಅದು ನೋಡುವಾಗಲೇ ಗೊತ್ತಾಯ್ತು" ಎಂದರು ಅಜ್ಜಿ, ನನ್ನ ಬೆನ್ನು ತಟ್ಟುತ್ತಾ. "ಹೊಲಿಗೆ ಎಲ್ಲ ಹೊರಗೇ ಬಂದಿದೆ. ಬೇಜಾರು ಮಾಡ್ಬೇಡ ಮಗಾ, ಸುರುವಿಗೆ ಎಲ್ಲರಿಗೂ ಹಾಗೇ."